ಎಂಜಿನ್ ಚೆಸ್ ಟೂರ್ನಿ: ತಕರಾರು ಬಂದಾಗ ನಾನು ಏನು ಮಾಡುತ್ತೇನೆ

ಚೆಸ್ ಎಂಜಿನ್, ಅಂದರೆ ತಾನೇ ಚೆಸ್ ಆಡುವ ಪ್ರೋಗ್ರಾಂ, ಬರೆಯುವ ಗೆಳೆಯರಿಗಾಗಿ ಆಗಾಗ ಸಣ್ಣ ಟೂರ್ನಿ ನಡೆಸುತ್ತೇನೆ. ಎಲ್ಲ ಆಟಗಳೂ ನನ್ನ ಕಂಪ್ಯೂಟರಿನಲ್ಲೇ, ಎಂಜಿನ್‌ಗಳನ್ನು ಪರಸ್ಪರ ಆಡಿಸುವ ಕ್ಯೂಟ್‌ಚೆಸ್ ಅನ್ನೋ ತಂತ್ರಾಂಶದಲ್ಲಿ ನಡೆಯುತ್ತವೆ. ನಿಯಮಗಳನ್ನೆಲ್ಲ ಮೊದಲ ಆಟಕ್ಕೂ ಮುಂಚೆಯೇ ಬರೆದು ಎಲ್ಲರಿಗೂ ಕಳಿಸಿರುತ್ತೇನೆ. ಯಾಕೆ ಇಷ್ಟು ಬಿಗಿ ಅಂತ ಕೇಳಿದವರಿಗೆ ಗ್ರಾಜ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ.

2003ರ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ನಡೆದದ್ದು ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಅಲ್ಲಿ ಜಾನಿ ಅನ್ನೋ ಎಂಜಿನ್ ಶ್ರೆಡರ್ ಅನ್ನೋ ಎಂಜಿನ್ ಎದುರು ಸೋಲುತ್ತಿತ್ತು. ಅಷ್ಟರಲ್ಲಿ ಒಂದೇ ಸ್ಥಿತಿ ಮೂರನೇ ಸಲ ಬಂತು, ಪರದೆ ಮೇಲೆ ಅದರ ಸೂಚನೆಯೂ ಬಂತು. ಹಾಗೆ ಬಂದರೆ ಡ್ರಾ ಕೇಳಬಹುದು. ಎದುರಾಳಿ ಪ್ರೋಗ್ರಾಂನ ದೋಷದಿಂದ (ಬಗ್) ಅರ್ಧ ಪಾಯಿಂಟ್ ಪಡೆಯೋದು ಬೇಡ ಅಂತ ಜಾನಿಯ ಕಡೆಯವರು ಡ್ರಾ ಕೇಳದೆ ಆಟ ಮುಂದುವರಿಸಿದರು. ಶ್ರೆಡರ್ ಗೆದ್ದಿತು, ಕೊನೆಗೆ ಫ್ರಿಟ್ಜ್ ಅನ್ನೋ ಇನ್ನೊಂದು ಎಂಜಿನ್ ಜೊತೆ ಪಾಯಿಂಟ್‌ನಲ್ಲಿ ಸಮ ಆಯಿತು, ಪ್ಲೇಆಫ್‌ನಲ್ಲಿ ಪಟ್ಟವೂ ಅದಕ್ಕೇ ಹೋಯಿತು. ಡ್ರಾ ಆಗಿದ್ದರೆ ಫ್ರಿಟ್ಜ್ ಒಂದೇ ಮೇಲಿರುತ್ತಿತ್ತು. ಮನಸ್ಸು ದೊಡ್ಡದೇ, ಆದರೆ ಬಿಟ್ಟುಕೊಟ್ಟ ಅರ್ಧ ಪಾಯಿಂಟ್‌ನ ಹೊರೆ ಬಿದ್ದದ್ದು ಆ ಬೋರ್ಡಿನ ಹತ್ತಿರವೂ ಇರದವರ ಮೇಲೆ.

ನನ್ನ ಟೂರ್ನಿಯಲ್ಲೂ ಇಂಥದ್ದೇ ಬಂತು. ಒಬ್ಬ ಗೆಳೆಯನ ಎಂಜಿನ್‌ಗೆ ಒಂದು ಆನೆ ಜಾಸ್ತಿ ಇತ್ತು, ತನಗೇ +5, ಅಂದರೆ ತಾನು ಬಹಳ ಮುಂದೆ ಅಂತ ಲೆಕ್ಕ ತೋರಿಸುತ್ತಿತ್ತು. ಆದರೂ ರಾಜನನ್ನು ಹಿಂದೆ ಮುಂದೆ ಆಡಿಸುತ್ತಾ ಮೂರು ಸಲ ಅದೇ ಸ್ಥಿತಿಗೆ ಬಂತು, ಕ್ಯೂಟ್‌ಚೆಸ್ ತಾನೇ ಡ್ರಾ ಅಂತ ನಿಲ್ಲಿಸಿತು. ತಕ್ಷಣ ಫೋನ್. "ಗುರೂ, ಗೆದ್ದಿರೋ ಆಟ ಇದು. ಎದುರಿನವನೂ ಒಪ್ಕೊಂಡಿದ್ದಾನೆ, ಗೆಲುವು ಅಂತ ಹಾಕಿಬಿಡು." ಇಬ್ಬರು ಒಪ್ಪಿದರೆ ಸಾಕಾಗಲ್ಲ, ಪಟ್ಟಿಯಲ್ಲಿ ಉಳಿದವರೂ ಇದ್ದಾರಲ್ವಾ ಅಂದೆ. ಸ್ಥಿತಿ ಮರುಕಳಿಸುತ್ತಿದೆ ಅಂತ ಗುರುತಿಸೋದೂ ಎಂಜಿನ್‌ನ ಆಟದ ಭಾಗವೇ. ಡ್ರಾ ಡ್ರಾ ಆಗೇ ಉಳಿಯಿತು.

ಜಾಸ್ತಿ ತಲೆನೋವು ಟೈಮಿನದು. ಜಾವಾದಲ್ಲಿ ಬರೆದ ಎಂಜಿನ್ ಒಂದು, ಮೆಮೊರಿ ಸ್ವಚ್ಛ ಮಾಡಲು ನಡುವೆ ಕ್ಷಣ ನಿಂತು, ಒಳ್ಳೆ ಸ್ಥಿತಿಯಲ್ಲೇ ಗಡಿಯಾರ ಮೀರಿ ಸೋತಿತು. ಬರೆದವರಿಗೆ ನಿಮ್ಮ ಕಂಪ್ಯೂಟರೇ ನಿಧಾನ ಆಯ್ತು ಅನ್ನೋ ಅನುಮಾನ, ಅದು ಸಹಜ ಕೂಡ. ಇಂಥ ಹೊತ್ತಲ್ಲಿ ಅದೇ ಕ್ಷಣಕ್ಕೆ ಪಕ್ಕದಲ್ಲಿ ನಡೆಯುತ್ತಿದ್ದ ಬೇರೆ ಆಟಗಳ ಲಾಗ್ (ಕಂಪ್ಯೂಟರ್ ಬರೆದಿಡುವ ದಾಖಲೆ) ತೆಗೆದು ನೋಡುತ್ತೇನೆ. ಅವೂ ತಡವರಿಸಿದ್ದರೆ ತಪ್ಪು ನನ್ನ ಯಂತ್ರದ್ದು, ಆಟ ಮತ್ತೆ ಆಡಿಸುತ್ತೇನೆ. ಅವು ಸರಿಯಾಗಿದ್ದರೆ ಸೋಲು ಸೋಲೇ. ಆ ಸಲ ಉಳಿದವೆಲ್ಲ ಸರಾಗವಾಗಿ ಓಡಿದ್ದವು. ಲಾಗ್ ಕಳಿಸಿದೆ, ಅವರು ಓದಿ ಒಪ್ಪಿದರು. ಮುಂದಿನ ಆವೃತ್ತಿಯಲ್ಲಿ ಪ್ರತಿ ನಡೆಗೂ ಸ್ವಲ್ಪ ಸಮಯ ಉಳಿಸಿಕೊಳ್ಳುವ ಹಾಗೆ ಬದಲಾಯಿಸಿ ಕಳಿಸಿದರು.