ಬೇಸ್ ಹಿಡಿದು ಕೇಳಿದ 'ಅನ್‌ನೋನ್ ಪ್ಲೆಷರ್ಸ್'

ಇಂಗ್ಲೆಂಡಿನ ರಾಕ್ ಬ್ಯಾಂಡ್ ಜಾಯ್ ಡಿವಿಷನ್ ಹಾಡು ಒಂದೂ ಕೇಳದವರು ಕೂಡ ಅವರ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' ಮುಖಪುಟ ನೋಡಿರುತ್ತಾರೆ. ಕಪ್ಪು ಹಿನ್ನೆಲೆ, ನಡುವೆ ಬೆಟ್ಟದ ಸಾಲಿನ ಹಾಗೆ ಏರಿಳಿಯುವ ಬಿಳಿ ಗೆರೆಗಳು. ಟೀ ಶರ್ಟುಗಳ ಮೇಲೆಲ್ಲ ಬರುತ್ತದಲ್ವಾ, ಅದೇ. 1967ರಲ್ಲಿ ಪತ್ತೆಯಾದ ಮೊದಲ ಪಲ್ಸಾರ್ (ಮಿಡಿತದ ಹಾಗೆ ರೇಡಿಯೋ ಅಲೆ ಕಳಿಸುವ) ನಕ್ಷತ್ರದ ರೇಡಿಯೋ ಸಿಗ್ನಲ್‌ಗಳ ಚಿತ್ರ ಅದು. ಅದನ್ನು ಮುಖಪುಟವಾಗಿಸಿದವರು ವಿನ್ಯಾಸಕಾರ ಪೀಟರ್ ಸ್ಯಾವಿಲ್. ಚಿತ್ರಕ್ಕೆ ಸಿಕ್ಕ ಹೆಸರು ಒಳಗಿನ ಹಾಡುಗಳಿಗೂ ಸಿಗಬೇಕು ಅನ್ನುವುದು ನನ್ನ ಆಸೆ.

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಈ ಆಲ್ಬಮ್ ನನಗೆ ಒಲಿದದ್ದು ಆ ವಾದ್ಯದಿಂದಲೇ.

ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ಬೇಸ್ ಕೆಳಗಿನ ಸ್ವರಗಳಲ್ಲಿರುತ್ತದೆ, ರಾಗ ಗಿಟಾರಿನದು. ಇಲ್ಲಿ ಅದು ತಿರುವುಮುರುವು. ಬ್ಯಾಂಡಿನ ಬೇಸ್ ವಾದಕ ಪೀಟರ್ ಹುಕ್ ದಪ್ಪ ತಂತಿಗಳನ್ನು ಬಿಟ್ಟು, ಸಣ್ಣ ತಂತಿಗಳ ಮೇಲೆ, ಎತ್ತರದ ಸ್ವರ ಕೊಡುವ ಫ್ರೆಟ್‌ಗಳಲ್ಲಿ ನುಡಿಸುತ್ತಾರೆ. ಕಾರಣ ತುಂಬಾ ಸರಳ. ಬರ್ನಾರ್ಡ್ ಸಮ್ನರ್ ಅವರ ಗಿಟಾರ್ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಸದ್ದು ಜಾಸ್ತಿ, ಹುಕ್ ಅವರ ಆಂಪ್ ಅಷ್ಟಕ್ಕಷ್ಟೇ. ಕೆಳಗಿನ ಸ್ವರ ನುಡಿಸಿದರೆ ತಮಗೇ ಕೇಳುತ್ತಿರಲಿಲ್ಲ. ಮೇಲೆ ಹೋದರು, ಕೇಳಿಸಿತು.

ನಾನು ಮೊದಲು ಕೂತಿದ್ದು 'ಶೀಸ್ ಲಾಸ್ಟ್ ಕಂಟ್ರೋಲ್' ಜೊತೆ. ಹಾಡು ಮುಗಿದ ಮೇಲೆ ಬಾಯಲ್ಲಿ ಗುನುಗುವುದು ಬೇಸ್ ಸಾಲನ್ನೇ. ಬೆರಳಲ್ಲಿ ಮೀಟಿದರೆ ಸ್ವರಗಳು ಸರಿಯಾಗಿಯೇ ಬರುತ್ತವೆ, ಆದರೆ ಶುರು ಮೆತ್ತಗಾಗುತ್ತದೆ. ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಹಿಡಿದು, ತಂತಿಗಳು ಕೊನೆಯಾಗುವ ಬ್ರಿಡ್ಜ್ ಕಡೆಗೆ ಕೈ ಸರಿಸಿ, ಗಟ್ಟಿಯಾಗಿ ಹೊಡೆದಾಗಲೇ ಪ್ರತಿ ಸ್ವರಕ್ಕೂ ಆ ಮೊನೆ ಬರುವುದು. ಹುಕ್ ಪ್ಲೆಕ್ಟ್ರಮ್ ಬಳಸುತ್ತಾರೆ ಅಂತ ಓದಿ ತಿಳಿಯುವುದು ಬೇರೆ, ಅದು ಯಾಕೆ ಬೇಕು ಅಂತ ಕೈಗೆ ಗೊತ್ತಾಗುವುದೇ ಬೇರೆ.

ಬೇಸ್ ಕೈಗೆ ಹತ್ತಿದ ಮೇಲೆ ಉಳಿದದ್ದು ಬಿಡಿಬಿಡಿಯಾಗಿ ಕೇಳತೊಡಗಿತು. ಅದರಲ್ಲೂ ಡ್ರಮ್ಸ್. 1979ರ ಏಪ್ರಿಲ್‌ನಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡೆಯಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಅವರಿಗೆ ಒಂದು ಡ್ರಮ್ಮಿನ ಸದ್ದು ಇನ್ನೊಂದರ ಮೈಕಿಗೆ ಸೋರಬಾರದಿತ್ತು. ಸ್ಟೀಫನ್ ಮಾರಿಸ್ ಕೈಲಿ ಡ್ರಮ್‌ಗಳನ್ನು ಬೇರೆಬೇರೆಯಾಗಿ ನುಡಿಸಿದರು. ಆ ಚೊಕ್ಕ ಸದ್ದುಗಳನ್ನು ಡಿಜಿಟಲ್ ಡಿಲೇಯಲ್ಲಿ, ಅಂದರೆ ಸದ್ದನ್ನು ತುಸು ತಡಮಾಡಿ ಮರುಕಳಿಸುವ ಯಂತ್ರದಲ್ಲಿ, ಹಾಯಿಸಿದರು. ಹೆಡ್‌ಫೋನ್ ಹಾಕಿ ಕೇಳಿ: ಒಂದು ಏಟು, ಆಮೇಲೆ ಖಾಲಿ ಜಾಗ, ಆಮೇಲೆ ಇನ್ನೊಂದು ಏಟು. ಆ ಖಾಲಿ ಜಾಗವೇ ಈ ಆಲ್ಬಮ್ಮಿನ ಐದನೇ ವಾದ್ಯಗಾರ ಅಂತ ನಾನು ನಂಬಿದ್ದೇನೆ. 'ಇನ್‌ಸೈಟ್' ಹಾಡಿಗೆ ಗಾಯಕ ಇಯಾನ್ ಕರ್ಟಿಸ್ ದನಿಯನ್ನು ಹ್ಯಾನೆಟ್ ಟೆಲಿಫೋನ್ ಲೈನ್ ಮೂಲಕ ರೆಕಾರ್ಡ್ ಮಾಡಿದ್ದೂ ಆ ದೂರಕ್ಕಾಗಿಯೇ. ಸ್ಟುಡಿಯೋದ ಲಿಫ್ಟಿನ ಸದ್ದನ್ನೂ ಅವರು ಬಿಟ್ಟಿಲ್ಲ.

ಹುಕ್ ಮತ್ತು ಸಮ್ನರ್‌ಗೆ ಆಗ ಇದು ಹಿಡಿಸಲಿಲ್ಲ. ವೇದಿಕೆ ಮೇಲಿನ ನಮ್ಮ ಅಬ್ಬರವೆಲ್ಲ ಹೋಯಿತು ಅನ್ನುವುದು ಅವರ ಬೇಸರ. ಅವರ ಮಾತಿನ ಅರ್ಥ ತಿಳಿಯಬೇಕಾದರೆ 1978ರ ಸೆಪ್ಟೆಂಬರಿನಲ್ಲಿ ಗ್ರಾನಡಾ ಟಿವಿಗಾಗಿ ನುಡಿಸಿದ 'ಶ್ಯಾಡೋಪ್ಲೇ' ಕೇಳಿ, ತಕ್ಷಣ ಆಲ್ಬಮ್ಮಿನದನ್ನು ಹಾಕಿ. ಎರಡೂ ಚೆನ್ನ. ಆದರೆ ಇಷ್ಟು ವರ್ಷ ಆದರೂ ಹಳತು ಅನ್ನಿಸದಿರುವುದಕ್ಕೆ ಹ್ಯಾನೆಟ್ ಅವರೇ ಕಾರಣ. ಈ ವಿಷಯದಲ್ಲಿ ನಾನು ಅವರ ಪಕ್ಷ.

ನನಗೆ ಎಲ್ಲಕ್ಕಿಂತ ಹತ್ತಿರದ್ದು 'ನ್ಯೂ ಡಾನ್ ಫೇಡ್ಸ್'. ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಗಿಟಾರ್ ಏರುತ್ತದೆ. ಇಷ್ಟೇ ಉಪಾಯ. ನುಡಿಸಲು ಕಷ್ಟವೂ ಅಲ್ಲ. ಆದರೆ ಬೇಸ್ ಹಿಡಿದವರು ಇಲ್ಲಿ ಅವಸರ ಮಾಡುವ ಹಾಗಿಲ್ಲ. ಕರ್ಟಿಸ್ ದನಿ ಏರುತ್ತಾ ಹೋದ ಹಾಗೆ ಕೈ ಕೂಡ ಓಡಲು ನೋಡುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳಬೇಕು. ಹಾಡಿನ ಬಿಗಿಯೆಲ್ಲ ಆ ಹಿಡಿತದಲ್ಲಿದೆ.

ಕರ್ಟಿಸ್ 1980ರ ಮೇ 18ರಂದು, 23ನೇ ವಯಸ್ಸಿನಲ್ಲಿ ಜೀವ ಕಳೆದುಕೊಂಡರು. ಆಮೇಲೆ ಬಹಳ ಜನ ಈ ಹಾಡುಗಳನ್ನು ಅವರ ಸಾವಿನ ಮುನ್ಸೂಚನೆ ಅಂತಲೇ ಕೇಳುತ್ತಾರೆ. ನಾನು ಹಾಗೆ ಕೇಳುವುದಿಲ್ಲ. 'ಶೀಸ್ ಲಾಸ್ಟ್ ಕಂಟ್ರೋಲ್' ಅವರ ಕಥೆಯಾಗಿ ಹುಟ್ಟಿದ್ದಲ್ಲ. ಅವರು ಉದ್ಯೋಗ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಕೆಲಸ ಹುಡುಕಿ ಬರುತ್ತಿದ್ದ, ಮೂರ್ಛೆರೋಗ ಇದ್ದ ಒಬ್ಬ ಯುವತಿಯ ಕಥೆ. ಮೇಜಿನ ಆಚೆ ಕೂತವಳನ್ನು ಅಷ್ಟು ಗಮನವಿಟ್ಟು ನೋಡಿದವರು ಬರೆದ ಹಾಡು. ಬರೀ ಸಾವನ್ನೇ ಹುಡುಕುತ್ತಾ ಕೇಳಿದರೆ ಈ ಅಕ್ಕರೆ ಕೈತಪ್ಪುತ್ತದೆ.

ಹೊಸದಾಗಿ ಕೇಳುವವರು ಮೊದಲ ಹಾಡು 'ಡಿಸಾರ್ಡರ್'ನಿಂದಲೇ ಶುರು ಮಾಡಿ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಗಿಟಾರ್, ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಯಾರು ಎಲ್ಲಿದ್ದಾರೆ ಅಂತ ಕಿವಿಗೆ ಅಲ್ಲೇ ಪರಿಚಯವಾಗುತ್ತದೆ. ಹತ್ತು ಹಾಡು, ಸುಮಾರು 40 ನಿಮಿಷ. ಫೋನಿನ ಸ್ಪೀಕರ್ ಮಾತ್ರ ಬೇಡ. ಹುಕ್ ಬೇಸ್ ಅದರಲ್ಲೂ ಹೇಗೋ ಕೇಳೀತು, ಎತ್ತರದಲ್ಲಿದೆಯಲ್ಲ. ಆದರೆ ಕೊನೆಯ ಹಾಡಿನಲ್ಲಿ ಗಾಜು ಒಡೆದಾಗ ಅದರ ಸದ್ದು ಎಷ್ಟು ದೊಡ್ಡ ಕೋಣೆಯಲ್ಲಿ ಹರಡುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.