ಹೊಸದಾಗಿ ಬಂದ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ): ತಾಲ್ಲೂಕಿನ ಮಕ್ಕಳ ಓದು ಸುಧಾರಿಸುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಹೈಸ್ಕೂಲುಗಳಿಗೆ ನೋಟಿಸ್ ಹೋಗುತ್ತದೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, 2024ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ಗಮನಿಸುವ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಪಾಸಾಗುವಷ್ಟನ್ನೇ ಆರಿಸಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಹಿಡಿದು ಜನವರಿಯಲ್ಲಿ ಓಡಾಡುವ ಬದಲು ಜೂನ್‌ನಲ್ಲಿ ಮೂರನೇ ತರಗತಿಯಿಂದ ಶುರು ಮಾಡಿ.

ಮೊದಲ ಕೆಲಸ, 3ರಿಂದ 5ನೇ ತರಗತಿಯ ಪ್ರತಿ ಮಗುವಿನಿಂದಲೂ ಓದಿಸುವುದು. ಒಂದು ಹಾಳೆ ಸಾಕು: ಹತ್ತು ಅಕ್ಷರ, ಕಾಗುಣಿತದ ಹತ್ತು ಪದ, ಒತ್ತಕ್ಷರದ ಹತ್ತು ಪದ, ಎರಡನೇ ತರಗತಿ ಮಟ್ಟದ ನಾಲ್ಕು ಸಾಲಿನ ಪ್ಯಾರಾ. ಹಿಂಬದಿಯಲ್ಲಿ ದಶಕ ಬಿಡಿಸಿ ಕಳೆಯುವ ಎರಡು ಲೆಕ್ಕ. ಮಗುವಿಗೆ ಐದಾರು ನಿಮಿಷ ಹಿಡಿಯುತ್ತದೆ. ಪ್ಯಾರಾ ಪಠ್ಯಪುಸ್ತಕದ್ದಾಗಿರಬಾರದು, ಬಾಯಿಪಾಠ ಬಂದ ಮಗು ಪುಟ ನೋಡದೆಯೂ ‘ಓದುತ್ತದೆ’. ಮಗು ಎಲ್ಲಿ ನಿಂತಿತು ಎಂಬುದನ್ನಷ್ಟೇ ಬರೆದುಕೊಳ್ಳಿ. ಬಹಳ ಮಕ್ಕಳು ನಿಲ್ಲುವುದು ಒತ್ತಕ್ಷರದಲ್ಲಿ. ಅಲ್ಲಿ ನಿಂತವರಿಗೆ ಮತ್ತೆ ವರ್ಣಮಾಲೆ ತಿದ್ದಿಸುತ್ತ ಕೂತರೆ ಎರಡು ತಿಂಗಳು ಹಾಳು.

ಪರೀಕ್ಷಿಸುವವರು ಪಕ್ಕದ ಶಾಲೆಯ ಶಿಕ್ಷಕರಾಗಿರಲಿ. ಈ ಅಂಕಿಗಳ ಮೇಲೆ ಯಾರಿಗೂ ನೋಟಿಸ್ ಕೊಡುವುದಿಲ್ಲ ಎಂದು ಮೊದಲೇ ಸಭೆಯಲ್ಲಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಒಂದೇ ಒಂದು ನೋಟಿಸ್ ಹೋದರೆ ಮುಂದಿನ ಸಲ ತಾಲ್ಲೂಕಿನ ಅಷ್ಟೂ ಮಕ್ಕಳು ಸರಾಗ ಓದುವವರಾಗಿರುತ್ತಾರೆ, ಕಾಗದದ ಮೇಲೆ.

ಇನ್ನು ಸಿಆರ್‌ಪಿಗಳು, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗಳು. ಇವರ ಸಮಯವೇ ನಿಮ್ಮ ದೊಡ್ಡ ಬಂಡವಾಳ, ಅದು ಸೋರುವುದು ವಾಟ್ಸ್ಯಾಪ್‌ನಲ್ಲಿ. ‘ಇಂದು ಸಂಜೆ 4ರೊಳಗೆ ತುರ್ತು ಮಾಹಿತಿ’ ಎಂದು ಕೇಳುವುದರಲ್ಲಿ ಎಷ್ಟೋ ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲೋ ಶಾಲೆಗಳ ಅಂಕಿಅಂಶವಿರುವ ಯುಡೈಸ್‌ನಲ್ಲೋ ಆಗಲೇ ಇರುತ್ತದೆ. ಕಚೇರಿಯ ಕೇಸ್ ವರ್ಕರ್ ಮೊದಲು ಅಲ್ಲಿ ಹುಡುಕಲಿ. ಸಿಗದಿದ್ದರೆ ಶುಕ್ರವಾರ ಒಂದೇ ಪಟ್ಟಿಯಲ್ಲಿ ಕೇಳಲಿ. ಮೇಲಿನಿಂದ ಬರುವ ನಿಜವಾದ ತುರ್ತು ಬೇರೆ, ಅದನ್ನು ತಡೆಯಲಾಗದು.

ಹೀಗೆ ಉಳಿದ ದಿನಗಳನ್ನು ಸಮನಾಗಿ ಹಂಚಬೇಡಿ. ಕ್ಲಸ್ಟರ್‌ನ ಅತಿ ಹಿಂದುಳಿದ ನಾಲ್ಕು ಶಾಲೆಗೆ ಹದಿನೈದು ದಿನಕ್ಕೊಮ್ಮೆ ಭೇಟಿ, ಉಳಿದವಕ್ಕೆ ತಿಂಗಳಿಗೊಮ್ಮೆ. ಒಂದು ಪೂರ್ತಿ ಪೀರಿಯಡ್ ಹಿಂದಿನ ಸಾಲಿನಲ್ಲಿ ಕೂತು ನೋಡಬೇಕು, ಐದು ಮಕ್ಕಳಿಂದ ಓದಿಸಬೇಕು, ಆಮೇಲೆ ಶಿಕ್ಷಕರೊಂದಿಗೆ ಕಾಲು ಗಂಟೆ ಮಾತು. ಸಲಹೆ ಒಂದೇ. ಏಳು ಸಲಹೆ ಕೊಟ್ಟರೆ ಒಂದೂ ಜಾರಿಯಾಗದು. ಸಂದರ್ಶನ ಪುಸ್ತಕದಲ್ಲಿ ‘ಶಾಲೆ ಸಂದರ್ಶಿಸಲಾಯಿತು, ಬಿಸಿಯೂಟ ಚೆನ್ನಾಗಿದೆ’ ಎಂಬ ಷರಾ ಬೇಡ. ಆ ಒಂದು ಸಲಹೆ ಬರೆಯಲಿ, ಮುಂದಿನ ಭೇಟಿ ಅದನ್ನು ನೋಡುವುದರಿಂದಲೇ ಶುರುವಾಗಲಿ. ತಿಂಗಳಿಗೆ ಎರಡು ಸಲ ಬಿಇಒ ಕೂಡ ಜೊತೆಗೆ ಹೋಗಿ ಕೂರಬೇಕು, ದಾಖಲೆ ತಪಾಸಣೆಗಲ್ಲ.

ಕ್ಲಸ್ಟರ್‌ನ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದಬೇಡಿ, ಹಿಂದಿನ ದಿನವೇ ಕಳಿಸಿ. ಒತ್ತಕ್ಷರ ಚೆನ್ನಾಗಿ ಕಲಿಸಿದ ಶಿಕ್ಷಕಿಯೊಬ್ಬರು ಮುಕ್ಕಾಲು ಗಂಟೆ ಪಾಠ ಮಾಡಿ ತೋರಿಸಲಿ.

ಶಿಕ್ಷಕರ ಕೊರತೆಗೆ ಅತಿಥಿ ಶಿಕ್ಷಕರ ಹಂಚಿಕೆ ಬಂದಾಗ ಮೊದಲ ಪಾಲು ಏಕೋಪಾಧ್ಯಾಯ ಶಾಲೆಗಳಿಗೆ. ನಿಯೋಜನೆ ಮೇಲೆ ಪೇಟೆಯ ಶಾಲೆಯಲ್ಲೋ ಕಚೇರಿಯಲ್ಲೋ ಕೂತವರ ಪಟ್ಟಿಯನ್ನೂ ಒಮ್ಮೆ ತೆಗೆಸಿ ನೋಡಿ. ಫೋನುಗಳು ಬರುತ್ತವೆ, ಓದಿನ ಅಂಕಿಗಳನ್ನು ಮುಂದಿಟ್ಟರೆ ಉತ್ತರ ಕೊಡುವುದು ಸುಲಭ.

ಗುಳೆ ಹೋಗುವ ಊರುಗಳಲ್ಲಿ ದಸರಾ ರಜೆಗೆ ಮುಂಚೆಯೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ಯಾವ ಮನೆಯ ಮಕ್ಕಳು ಹೊರಡುತ್ತಾರೆ, ಯಾರನ್ನು ಅಜ್ಜಿಯ ಬಳಿ ಬಿಡಬಹುದು, ಯಾರಿಗೆ ಹಾಸ್ಟೆಲ್ ಬೇಕು ಎಂದು ಹೆಸರು ಹಿಡಿದು ಪಟ್ಟಿ ಮಾಡಿ. ಹಾಜರಿ ಬಿದ್ದ ಮೇಲೆ ಹುಡುಕಿದರೆ ಮನೆಗೆ ಬೀಗ.

ಓದಿನ ಪರೀಕ್ಷೆಯನ್ನು ನವೆಂಬರ್ ಮತ್ತು ಫೆಬ್ರವರಿಯಲ್ಲಿ ಮತ್ತೆ ಮಾಡಿ, ಪ್ರತಿ ಸಲವೂ ಬೇರೆ ಹಾಳೆಯಿಂದ. ಜೂನ್‌ನ ಹಾಳೆ ಅಷ್ಟರಲ್ಲಿ ತಾಲ್ಲೂಕಿನ ಎಲ್ಲ ಶಿಕ್ಷಕರ ಫೋನಿನಲ್ಲೂ ಇರುತ್ತದೆ.