ಹಂಚಿದ ಪರದೆ ಕಾಣದಿದ್ದರೆ ಎಲ್ಲಿಂದ ಹುಡುಕಬೇಕು?

ಆನ್‌ಲೈನ್ ಸಭೆಯಲ್ಲಿ ಸ್ಕ್ರೀನ್ ಹಂಚಿದ ಕೂಡಲೇ ‘ಕಾಣುತ್ತಿದೆಯೇ?’ ಎಂದು ಕೇಳುವುದು ಎಲ್ಲರ ರೂಢಿ. ಇಲ್ಲ ಎಂಬ ಉತ್ತರ ಬಂದರೆ ಗಾಬರಿಯಿಂದ ಅದೇ ಬಟನ್ನನ್ನು ಮತ್ತೆ ಮತ್ತೆ ಒತ್ತಬೇಡಿ. ‘ಹಾಗಾದರೆ ಏನು ಕಾಣುತ್ತಿದೆ? ಎಲ್ಲರಿಗೂ ಹಾಗೆಯೇ ಇದೆಯೇ?’ ಎಂದು ಕೇಳಿ. ಒಬ್ಬರಿಗೆ ಮಾತ್ರ ಕಾಣದಿದ್ದರೆ ದೋಷ ಬಹುಮಟ್ಟಿಗೆ ಅವರ ಕಡೆಯದು. ಅವರು ಸಭೆಯಿಂದ ಹೊರಹೋಗಿ ಮತ್ತೆ ಸೇರಿಕೊಳ್ಳಲಿ. ಯಾರಿಗೂ ಕಾಣದಿದ್ದರೆ ಮುಂದಿನ ಹೆಜ್ಜೆಗಳು ನಿಮಗೆ.

ಹಂಚಿಕೆ ಶುರುವೇ ಆಗದಿದ್ದರೆ

ಇದು ಅನುಮತಿಯ ಪ್ರಶ್ನೆ. ಝೂಮ್‌ನಲ್ಲಿ ಹೋಸ್ಟ್ (ಸಭೆ ನಡೆಸುವವರು) ಮಾತ್ರ ಹಂಚಬಹುದು ಎಂಬ ಆಯ್ಕೆ ಜಾರಿಯಲ್ಲಿರಬಹುದು. ಗೂಗಲ್ ಮೀಟ್‌ನಲ್ಲೂ ಹೋಸ್ಟ್ ಇದನ್ನು ತಡೆಯಬಹುದು. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನೀವು ‘ಪ್ರೆಸೆಂಟರ್’, ಅಂದರೆ ಹಂಚುವ ಹಕ್ಕಿರುವವರು ಆಗಿರಬೇಕು. ಸಭೆ ನಡೆಸುವವರನ್ನು ಕೇಳಿದರೆ ಕೆಲಸ ಮುಗಿಯಿತು.

ಮ್ಯಾಕ್ ಬಳಸುವವರಿಗೆ ಇನ್ನೊಂದು ಬಾಗಿಲಿದೆ. 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಯಾವ ಆ್ಯಪ್ ಪರದೆಯನ್ನು ಸೆರೆಹಿಡಿಯಬಹುದು ಎಂಬುದನ್ನು ಬಳಕೆದಾರರೇ ಒಪ್ಪಬೇಕು. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ತೆರೆದು, ಸ್ಕ್ರೀನ್ ರೆಕಾರ್ಡಿಂಗ್ ಪಟ್ಟಿಯಲ್ಲಿ ನಿಮ್ಮ ಆ್ಯಪ್ ಪಕ್ಕದ ಗುಂಡಿ ಆನ್ ಮಾಡಿ. ಬ್ರೌಸರ್‌ನಿಂದ ಸಭೆ ಸೇರುವವರು ಬ್ರೌಸರ್‌ಗೇ ಈ ಅನುಮತಿ ಕೊಡಬೇಕು. ಬಳಿಕ ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕಾಗುತ್ತದೆ, ಅಂದರೆ ಸಭೆಯಿಂದ ಹೊರಬೀಳುತ್ತೀರಿ. ಮುಖ್ಯವಾದ ಸಭೆಯಿದ್ದರೆ ಇದನ್ನು ದಯವಿಟ್ಟು ಮುಂಚೆಯೇ ಮುಗಿಸಿಕೊಳ್ಳಿ.

ಮೊಬೈಲ್‌ನಲ್ಲಿ ಬ್ರೌಸರ್ ಮೂಲಕ ಹಂಚಲು ಹೋಗಬೇಡಿ, ಆ್ಯಪ್ ಹಾಕಿಕೊಳ್ಳಿ.

ಕಪ್ಪು ಪರದೆ ಕಂಡರೆ

ಅತಿ ಹೆಚ್ಚು ಕಾಡುವುದು ಇದೇ. ಮೊದಲು ನೀವು ತೋರಿಸುತ್ತಿರುವುದೇನು ಎಂದು ನೋಡಿ. ಬ್ಯಾಂಕಿಂಗ್ ಆ್ಯಪ್‌ಗಳು, ಹಣ ಕೊಟ್ಟು ನೋಡುವ ಸಿನಿಮಾ ತಾಣಗಳು ಪರದೆ ಸೆರೆಹಿಡಿಯುವುದನ್ನು ಬೇಕೆಂದೇ ತಡೆಯುತ್ತವೆ. ಅಲ್ಲಿ ಕಪ್ಪು ಕಾಣುವುದು ದೋಷವಲ್ಲ, ರಕ್ಷಣೆ. ಅದನ್ನು ದಾಟುವ ಉಪಾಯ ಹುಡುಕುವುದು ಬೇಡ.

ಸಾಮಾನ್ಯ ಕಡತವೂ ಕಪ್ಪಾಗಿ ಕಂಡರೆ ಗ್ರಾಫಿಕ್ಸ್ ಕಡೆ ಗಮನ ಕೊಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಪರದೆಯನ್ನು ಒಂದು ನಡೆಸುತ್ತಿದ್ದು, ಸಭೆಯ ಆ್ಯಪ್ ಇನ್ನೊಂದರಲ್ಲಿ ಓಡುತ್ತಿದ್ದರೆ ಚಿತ್ರ ಕೈಗೆ ಸಿಗುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಸಾಗಿ, ಆ ಆ್ಯಪ್ ಅನ್ನು ‘ಪವರ್ ಸೇವಿಂಗ್’ಗೆ ಬದಲಿಸಿ ನೋಡಿ. ಬ್ರೌಸರ್ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆ್ಯಕ್ಸಲರೇಶನ್’ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆಫ್ ಮಾಡಿ ಮತ್ತೆ ತೆರೆಯಿರಿ. ಲಿನಕ್ಸ್‌ನಲ್ಲಿ ವೇಲ್ಯಾಂಡ್ (ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸುವ ಹೊಸ ವ್ಯವಸ್ಥೆ) ಬಳಸುತ್ತಿದ್ದು ಹಳೆಯ ಆ್ಯಪ್ ಕಪ್ಪು ತೋರಿಸಿದರೆ, ಸಭೆಗೆ ಬ್ರೌಸರ್‌ನಿಂದ ಸೇರಿ ಪ್ರಯತ್ನಿಸಬಹುದು.

ಚಿತ್ರ ಅಲ್ಲೇ ನಿಂತಿದ್ದರೆ

ನೀವು ಸ್ಲೈಡ್ ಬದಲಿಸುತ್ತೀರಿ, ಅವರಿಗೆ ಮೊದಲ ಪುಟವೇ ಕಾಣುತ್ತದೆ. ಹಂಚಿದ ಕಿಟಕಿಯನ್ನು ಮಿನಿಮೈಜ್ ಮಾಡಿದ್ದೀರಾ ನೋಡಿ. ಸ್ಲೈಡ್ ಶೋ ಬೇರೆಯೇ ಕಿಟಕಿಯಲ್ಲಿ ತೆರೆದುಕೊಳ್ಳುವುದೂ ಉಂಟು: ನೀವು ಹಂಚಿದ್ದು ಸ್ಲೈಡ್ ತಿದ್ದುವ ಕಿಟಕಿ, ಓಡುತ್ತಿರುವುದು ಮತ್ತೊಂದು. ಮೊದಲು ಸ್ಲೈಡ್ ಶೋ ಆರಂಭಿಸಿ, ಆಮೇಲೆ ಅದನ್ನೇ ಆರಿಸಿ ಹಂಚಿ. ಇಡೀ ಪರದೆ ಹಂಚಿದರೆ ಈ ತೊಡಕಿಲ್ಲ ನಿಜ, ಆದರೆ ಬರುವ ಖಾಸಗಿ ಸಂದೇಶಗಳೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಹಾಗೆ ಹಂಚಲೇಬೇಕಿದ್ದರೆ ನೋಟಿಫಿಕೇಶನ್ ನಿಲ್ಲಿಸಿಯೇ ಆರಂಭಿಸಿ.

ಮಸುಕು, ತಡ, ಸದ್ದಿಲ್ಲ

ಚಿತ್ರ ತಡವಾಗಿ ತಲುಪುತ್ತಿದ್ದರೆ ನಿಮ್ಮ ಇಂಟರ್ನೆಟ್‌ನ ಅಪ್‌ಲೋಡ್ ವೇಗ (ನಿಮ್ಮಿಂದ ಹೊರಗೆ ಕಳಿಸುವ ವೇಗ) ಸಾಲದಿರಬಹುದು. ಡೌನ್‌ಲೋಡ್ ವೇಗ ಎಷ್ಟಿದ್ದರೂ ಇಲ್ಲಿ ನೆರವಾಗದು. ಕ್ಯಾಮೆರಾ ಆಫ್ ಮಾಡಿ, ಹಿನ್ನೆಲೆಯಲ್ಲಿ ಕಡತಗಳು ಅಪ್‌ಲೋಡ್ ಆಗುತ್ತಿದ್ದರೆ ನಿಲ್ಲಿಸಿ. ನಿಮ್ಮದು ತುಂಬ ದೊಡ್ಡ ಪರದೆಯಾದರೆ ಅಕ್ಷರಗಳು ನೋಡುವವರಿಗೆ ಕಿರಿದಾಗುತ್ತವೆ. ಬ್ರೌಸರ್‌ನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಹಿಗ್ಗಿಸಿ.

ವಿಡಿಯೊ ತೋರಿಸುವಾಗ ಸದ್ದು ಎಲ್ಲ ಸಲವೂ ತಾನಾಗಿ ಹೋಗುವುದಿಲ್ಲ. ಝೂಮ್‌ನಲ್ಲಿ ಹಂಚುವ ಮೊದಲು ‘ಶೇರ್ ಸೌಂಡ್’ ಗುರುತು ಹಾಕಿ. ಮೀಟ್‌ನಲ್ಲಿ ವಿಡಿಯೊ ಇರುವ ಟ್ಯಾಬ್ ಅನ್ನೇ ಆರಿಸಿ, ಅದರ ಧ್ವನಿಯನ್ನೂ ಹಂಚುವ ಆಯ್ಕೆ ಆನ್ ಇದೆಯೇ ನೋಡಿ. ಅದನ್ನು ಮರೆತು ಹಂಚಿದ್ದರೆ, ನಿಲ್ಲಿಸಿ ಹೊಸದಾಗಿ ಹಂಚಿ.